ಪ್ರೊಗ್ರೆಸೊ ಧಕ್ಕೆಯ ಬೆಳುದಿಂಗಳು

ಮೆಕ್ಸಿಕೋ ದೇಶದ ಆಗ್ನೇಯ ಭಾಗದಲ್ಲಿ, ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದಂತೆ ಉತ್ತರಕ್ಕೆ ಚಾಚಿಕೊಂಡಿರುವ ನೆಲವೇ ಯುಕಟಾನ್ ಪರ್ಯಾಯದ್ವೀಪ. ಯುಕಟಾನ್ ಪ್ರಾಂತದ ರಾಜಧಾನಿಯಾದ ಮೆರಿಡಾ ನಗರದಿಂದ ಉತ್ತರ ದಿಕ್ಕಿಗೆ ಸುಮಾರು 35 ಕಿಲೋಮೀಟರು ಸಾಗಿದರೆ ದಾರಿ ಕಡಲಿನಲ್ಲಿ ಮುಗಿಯುತ್ತದೆ. ಈ ಹಾದಿಯಲ್ಲಿ ಏರಿಲ್ಲ, ಇಳಿವಿಲ್ಲ. ಗುಡ್ಡವೆಂಬುದು ಕಣ್ಣಿಗೆ ಬೀಳುವುದಿಲ್ಲ. ದಾಟಲು ಒಂದು ಹೊಳೆಯೂ ಇಲ್ಲ. ನೆಲವೆಲ್ಲ ಸುಣ್ಣಕಲ್ಲು. ಸುರಿದ ಮಳೆಯ ನೀರು ಕಲ್ಲಿನ ಬಿರುಕುಗಳಲ್ಲಿ ಇಂಗಿ, ನೆಲದಡಿಯ ಗವಿಗಳಲ್ಲಿ ಹರಿದು, ಕಡಲನ್ನು ಸೇರುತ್ತದೆ. ಹಿಂದೆ ಈ ಬಯಲಿನಲ್ಲಿ ಕಣ್ಣು ಹಾಯುವವರೆಗೂ ಕತ್ತಾಳೆಯ ತೋಟಗಳಿದ್ದುವು. ಅದರ ನಾರಿನಿಂದ ಹೊಸೆದ ಹಗ್ಗವು ಜಗತ್ತಿನ ಹಡಗುಗಳನ್ನೆಲ್ಲ ಕಟ್ಟುತ್ತಿದ್ದ ಕಾಲವೊಂದಿತ್ತು. ಆ ನಾರನ್ನು ಹೊರನಾಡಿಗೆ ಸಾಗಿಸುವುದಕ್ಕಾಗಿಯೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿಕೊಂಡ ಬಂದರು ಪ್ರೊಗ್ರೆಸೊ.

ಒಂದು ಪಕ್ಕದಲ್ಲಿ ಕಾಂಡ್ಲಾ ಗಿಡಗಳು ಬೆಳೆದ ಹಿನ್ನೀರು, ಇನ್ನೊಂದು ಪಕ್ಕದಲ್ಲಿ ಮೆಕ್ಸಿಕೋ ಕೊಲ್ಲಿಯ ಹಸಿರು ನೀರು, ನಡುವಣ ಮರಳ ದಿಣ್ಣೆಯ ಮೇಲೆ ಊರು. ಬಿಳಿಯ ದೀಪಸ್ತಂಭ, ಕಡಲ ತಡಿಯುದ್ದಕ್ಕೂ ತಂಗಾಳಿಗೆ ತಿರುಗಾಡುವ ಜನ, ತೆಂಗಿನ ಮರಗಳು. ಇಷ್ಟಾದರೆ ಬೆಚ್ಚನೆಯ ನಾಡಿನ ಎಷ್ಟೋ ಬಂದರುಗಳಲ್ಲಿ ಇದೂ ಒಂದು ಎಂದು ಯಾತ್ರಿಕನು ಮುಂದೆ ನಡೆದುಬಿಡಬಹುದು. ಆದರೆ ಅವನ ಕಾಲನ್ನು ತಡೆದು ನಿಲ್ಲಿಸುವ ವಸ್ತು ಒಂದಿದೆ. ಅದೇ ಊರಿನ ಧಕ್ಕೆ.

ಇಲ್ಲಿಯ ಕಡಲು ಬಹಳ ಆಳವಿಲ್ಲದ್ದು. ದಡದಿಂದ ಎಷ್ಟು ದೂರ ನಡೆದುಹೋದರೂ ನೀರು ಎದೆಯ ಮಟ್ಟಕ್ಕೆ ಬರಲೊಲ್ಲದು. ಇಂಥಲ್ಲಿ ಹಡಗು ದಡಕ್ಕೆ ಬರಲಾರದು. ದಡವೇ ಹಡಗಿನ ಬಳಿಗೆ ಹೋಗಬೇಕು. ಹಾಗೆಂದೇ 1937ರಿಂದ 1941ರವರೆಗೆ ದುಡಿದು, ಕಾಂಕ್ರೀಟಿನ ಕಮಾನುಗಳ ಸಾಲನ್ನು ಕಡಲೊಳಕ್ಕೆ 2 ಕಿಲೋಮೀಟರಿಗೂ ಮಿಕ್ಕಿ ಕಟ್ಟಿದರು. ಉಪ್ಪುನೀರಿಗೆ ತುಕ್ಕು ಹಿಡಿಯಬಾರದೆಂದು ಕಾಂಕ್ರೀಟಿನೊಳಗೆ ತುಕ್ಕುರಹಿತ ಉಕ್ಕಿನ ಸಲಾಕೆಗಳನ್ನೇ ಇಟ್ಟರು. ಆ ಕಾಲಕ್ಕೆ ಅದೊಂದು ಹೊಸ ಸಾಹಸ. ಮುಂದೆ ಅದರ ಪಕ್ಕದಲ್ಲಿ ಸಾಮಾನ್ಯ ಕಬ್ಬಿಣ ಹಾಕಿ ಕಟ್ಟಿದ ಇನ್ನೊಂದು ಧಕ್ಕೆ ಕಡಲಿನ ಪಾಲಾಯಿತು, ಹಳೆಯದು ನಿಂತಿತು. ತರುವಾಯ ಅದನ್ನು ಇನ್ನಷ್ಟು ಮುಂದಕ್ಕೆ ಬೆಳೆಸಿ, ಒಟ್ಟು ಉದ್ದವನ್ನು ಸುಮಾರು ಆರೂವರೆ ಕಿಲೋಮೀಟರಿಗೆ ಮುಟ್ಟಿಸಿದ್ದಾರೆ. ದಡದಲ್ಲಿ ನಿಂತು ನೋಡಿದರೆ ಕಮಾನುಗಳು ಚಿಕ್ಕವಾಗುತ್ತ ಆಗುತ್ತ ದಿಗಂತದಲ್ಲಿ ಒಂದು ಗೆರೆಯಾಗಿ ಕರಗುತ್ತವೆ.

1948ರ ವಸಂತಕಾಲದಲ್ಲಿ, ಏಪ್ರಿಲ್ ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ, ಈ ಧಕ್ಕೆಯ ತುದಿಯಲ್ಲಿ ಒಂದು ಚಿಕ್ಕ ದೂರದರ್ಶಕವನ್ನು ಹೂಡಲಾಯಿತು. ಅದರ ಮುಖ ಚಂದ್ರನತ್ತ ತಿರುಗಿತ್ತು. ಆದರೆ ನೋಡಬೇಕಾಗಿದ್ದುದು ಚಂದ್ರನನ್ನಲ್ಲ. ಚಂದ್ರನ ಮುಂದೆ ಕ್ಷಣಮಾತ್ರ ಸುಳಿದು ಮಾಯವಾಗುವ ಕರಿಯ ಚುಕ್ಕೆಗಳನ್ನು.

ಸುಳಿದು ಹೋಗುವ ಚುಕ್ಕೆಗಳು

ದೂರದರ್ಶಕದಲ್ಲಿ ಪೂರ್ಣಚಂದ್ರನನ್ನು ಬಹಳ ಹೊತ್ತು ದಿಟ್ಟಿಸಿದವರಿಗೆ ಈ ಅನುಭವ ಹೊಸತಲ್ಲ. ಬೆಳ್ಳಿಯ ತಟ್ಟೆಯಂತೆ ಹೊಳೆಯುವ ಬಿಂಬದ ಒಂದು ಅಂಚಿನಿಂದ ಏನೋ ಒಂದು ಕಪ್ಪಾದುದು ಹೊರಟು, ಕಣ್ಣೆವೆ ಮಿಡಿಯುವಷ್ಟರಲ್ಲಿ ಇನ್ನೊಂದು ಅಂಚನ್ನು ದಾಟಿ ಹೋಗುತ್ತದೆ. ಕೆಲವೊಮ್ಮೆ ಒಂದರ ಹಿಂದೆ ಒಂದು ಹೋಗುವುದುಂಟು. ಈಗಂತೂ ದೂರದರ್ಶಕಕ್ಕೆ ಕ್ಯಾಮೆರಾವನ್ನು ಜೋಡಿಸಿ ಗಂಟೆಗಟ್ಟಲೆ ಚಿತ್ರ ಹಿಡಿಯುವುದು ಹವ್ಯಾಸಿಗಳಿಗೂ ಸುಲಭ. ಹೀಗೆ ಹಿಡಿದ ಚಿತ್ರಗಳಲ್ಲಿ ಇಂಥ ಚುಕ್ಕೆಗಳನ್ನು ಕಂಡು, ಅವು ಅನ್ಯಲೋಕದವರ ವಾಹನಗಳೆಂದೂ, ಚಂದ್ರನ ನೆಲದಿಂದ ಹಾರಿದುವೆಂದೂ ಬೆರಗಾಗುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಕಣ್ಣು ಸುಳ್ಳು ಹೇಳಿಲ್ಲ. ಏನೋ ಒಂದು ಹಾದುಹೋದದ್ದು ನಿಜವೇ. ಹಾದುದು ಎಷ್ಟು ದೂರದಲ್ಲಿ ಎಂಬುದೇ ಪ್ರಶ್ನೆ.

ಇದೇ ಮೆಕ್ಸಿಕೋ ದೇಶದ ಸಕಾಟೆಕಾಸ್ ನಗರದಲ್ಲಿ 1883ರ ಆಗಸ್ಟ್ ತಿಂಗಳಲ್ಲಿ ಇಂಥ ಒಂದು ಸೋಜಿಗ ನಡೆದಿತ್ತು. ಅಲ್ಲಿಯ ವೀಕ್ಷಣಾಲಯದ ಹೋಸೆ ಬೋನಿಯಾ ಅವರು ಸೂರ್ಯನನ್ನು ನೋಡುತ್ತಿದ್ದಾಗ ಬಿಂಬದ ಮೇಲೆ ಸಣ್ಣ ಸಣ್ಣ ಆಕೃತಿಗಳು ಸಾಲುಸಾಲಾಗಿ ದಾಟತೊಡಗಿದುವು. ಎರಡು ದಿನಗಳಲ್ಲಿ ಅವರು ಎಣಿಸಿದುವು ನಾನೂರಕ್ಕೂ ಹೆಚ್ಚು. ಅವುಗಳ ಛಾಯಾಚಿತ್ರಗಳನ್ನೂ ತೆಗೆದರು. ಆ ವರದಿಯನ್ನು 1886ರಲ್ಲಿ ಪ್ರಕಟಿಸಿದ ಫ್ರೆಂಚ್ ಪತ್ರಿಕೆಯ ಸಂಪಾದಕ, ಪ್ರಸಿದ್ಧ ಖಗೋಳಜ್ಞ ಫ್ಲಾಮರಿಯೋಂ, ಅವು ಹಕ್ಕಿಗಳೋ ಕೀಟಗಳೋ ಧೂಳೋ ಇರಬೇಕೆಂದು ಅಭಿಪ್ರಾಯಪಟ್ಟರು. ಒಡೆದು ಚೂರಾದ ಧೂಮಕೇತುವೊಂದು ಭೂಮಿಯ ಸಮೀಪ ಹಾದುಹೋಗಿದ್ದಿರಬಹುದೆಂದು 2011ರಲ್ಲಿ ಮೆಕ್ಸಿಕೋದ ಕೆಲವು ವಿಜ್ಞಾನಿಗಳು ಊಹಿಸಿದ್ದೂ ಉಂಟು. ಒಂದೇ ಛಾಯಾಚಿತ್ರವು ಹಕ್ಕಿಗೂ ಧೂಮಕೇತುವಿಗೂ ಸಾಕ್ಷಿಯಾಗಿ ನಿಲ್ಲಬಲ್ಲುದೆಂದರೆ, ದೂರವನ್ನು ಅರಿಯದ ಕಣ್ಣು ಎಷ್ಟು ನಿಸ್ಸಹಾಯವೆಂಬುದು ವಿಶದವಾಗುತ್ತದೆ.

ಅದಕ್ಕೂ ಮೊದಲು, 1880ರ ಅಕ್ಟೋಬರ್ ತಿಂಗಳ ಒಂದು ರಾತ್ರಿ, ಅಮೆರಿಕದ ಪ್ರಿನ್ಸ್‌ಟನ್ ನಗರದಲ್ಲಿ ಪಕ್ಷಿಶಾಸ್ತ್ರಜ್ಞ ಸ್ಕಾಟ್ ಎಂಬವರು ಗೆಳೆಯರೊಡನೆ ಚಂದ್ರನನ್ನು ನೋಡಲೆಂದು ಅಲ್ಲಿನ ವೀಕ್ಷಣಾಲಯಕ್ಕೆ ಹೋಗಿದ್ದರು. ದೊಡ್ಡ ದೂರದರ್ಶಕಕ್ಕೆ ಕಣ್ಣಿಟ್ಟವರಿಗೆ ಕಂಡುದು ಚಂದ್ರನ ಗಿರಿಗಹ್ವರಗಳಷ್ಟೇ ಅಲ್ಲ; ಅವುಗಳ ಮುಂದೆ ರೆಕ್ಕೆ ಬಡಿಯುತ್ತ ಸಾಗಿದ ಹಕ್ಕಿಗಳು. ಹಕ್ಕಿಗಳನ್ನು ಬಲ್ಲವರಾದ ಕಾರಣ ಅವರಿಗೆ ಗುರುತು ಸಿಕ್ಕಿತು. 1887ರ ಸೆಪ್ಟೆಂಬರಿನಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಇನ್ನೊಬ್ಬ ಪಕ್ಷಿತಜ್ಞರು ನ್ಯೂಜೆರ್ಸಿಯಲ್ಲಿ ಒಂದೇ ರಾತ್ರಿ ಮೂರು ಗಂಟೆಗಳ ಕಾಲ ಚಂದ್ರನನ್ನು ನೋಡಿ 262 ಹಕ್ಕಿಗಳನ್ನು ಎಣಿಸಿದರು. ಹಗಲಿನಲ್ಲಿ ಗಿಡಗಂಟಿಗಳ ನಡುವೆ ಉಲಿಯುವ ಪುಟ್ಟ ಹಕ್ಕಿಗಳು ಇರುಳಿನಲ್ಲಿ ಆಕಾಶವನ್ನೇ ತುಂಬಿ ವಲಸೆ ಹೋಗುತ್ತವೆಂಬುದಕ್ಕೆ ಚಂದ್ರನೇ ದೀಪ ಹಿಡಿದಂತಾಯಿತು.

ದೂರದ ಲೆಕ್ಕ

ಆಕಾಶದಲ್ಲಿ ಚಂದ್ರಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ನೋಡುವವನ ಕಣ್ಣಿನಿಂದ ಹೊರಟು, ಬರಬರುತ್ತ ಅಗಲವಾಗಿ, 3,84,400 ಕಿಲೋಮೀಟರು ದೂರದ ಚಂದ್ರನನ್ನು ಮುಟ್ಟುವ ಒಂದು ಉದ್ದನೆಯ ಆಲಿಕೆಯನ್ನು ಕಲ್ಪಿಸಿಕೊಳ್ಳಬೇಕು. ಈ ಆಲಿಕೆಯೊಳಕ್ಕೆ ಎಲ್ಲಿ ಏನು ನುಗ್ಗಿದರೂ ಅದು ಚಂದ್ರನ ಮುಂದೆಯೇ ಕಾಣಿಸುತ್ತದೆ. ಒಂದು ಕಿಲೋಮೀಟರು ದೂರದಲ್ಲಿ ಆಲಿಕೆಯ ಅಗಲ ಸುಮಾರು 9 ಮೀಟರು ಮಾತ್ರ. ಅಲ್ಲಿ ಹಾರುವ ಹಕ್ಕಿ ಇದನ್ನು ಅರ್ಧ ಸೆಕೆಂಡಿಗಿಂತ ಒಂದಿಷ್ಟು ಹೆಚ್ಚು ಹೊತ್ತಿನಲ್ಲಿ ದಾಟಿಬಿಡುತ್ತದೆ. ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲೆ ಬಂದಾಗ, ಅಲ್ಲಿ ಆಲಿಕೆಯ ಅಗಲ ಸುಮಾರು ಮೂರೂವರೆ ಕಿಲೋಮೀಟರು. ನಿಲ್ದಾಣದ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು. ಅದೂ ಅರ್ಧ ಸೆಕೆಂಡಿನಲ್ಲಿಯೇ ದಾಟುತ್ತದೆ! ಗೇಣಗಲದ ರೆಕ್ಕೆಯ ಹಕ್ಕಿಗೂ ಮನುಷ್ಯರು ವಾಸಿಸುವ ಲೋಹದ ನೌಕೆಗೂ ಚಂದ್ರನ ಮುಂದೆ ಒಂದೇ ಅವಧಿ.

ಈಗ ಅದೇ ಚುಕ್ಕೆ ಚಂದ್ರನ ಬಳಿಯಲ್ಲಿಯೇ ಇದ್ದಿತೆಂದು ವಾದಕ್ಕೆ ಒಪ್ಪಿಕೊಳ್ಳೋಣ. ಚಂದ್ರನ ವ್ಯಾಸ 3,474 ಕಿಲೋಮೀಟರು. ಬಿಂಬದ ಐವತ್ತರಲ್ಲಿ ಒಂದು ಪಾಲಿನಷ್ಟು ಕಾಣುವ ಚುಕ್ಕೆ ಅಲ್ಲಿದ್ದರೆ ಅದರ ಗಾತ್ರ ಸುಮಾರು 70 ಕಿಲೋಮೀಟರು, ಅಂದರೆ ಒಂದು ಜಿಲ್ಲೆಯಷ್ಟು ಅಗಲ! ಅರ್ಧ ಸೆಕೆಂಡಿನಲ್ಲಿ ಬಿಂಬವನ್ನು ದಾಟಬೇಕಾದರೆ ಅದು ಸೆಕೆಂಡಿಗೆ ಸುಮಾರು 7,000 ಕಿಲೋಮೀಟರು ಓಡಬೇಕು. ಭೂಮಿಯ ಸೆಳೆತವನ್ನು ತಪ್ಪಿಸಿಕೊಂಡು ಹೋಗಲು ಬೇಕಾದ ವೇಗವೇ ಸೆಕೆಂಡಿಗೆ 11.2 ಕಿಲೋಮೀಟರು ಎಂಬುದನ್ನು ನೆನೆದರೆ, ಒಂದು ಜಿಲ್ಲೆಯಷ್ಟು ದೊಡ್ಡ ವಸ್ತು ಆ ವೇಗದಲ್ಲಿ ಓಡಿತೆಂದು ನಂಬುವುದಕ್ಕಿಂತ, ಮನೆಯ ಮಾಳಿಗೆಯ ಮೇಲೆ ಹಕ್ಕಿಯೊಂದು ಹಾರಿತೆಂದು ತಿಳಿಯುವುದು ಲೇಸು.

ಚಂದ್ರನ ಸುತ್ತ ನಿಜವಾಗಿ ತಿರುಗುವ ನೌಕೆಗಳೂ ಇಲ್ಲದಿಲ್ಲ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ ಬೃಹತ್ ಆಂಟೆನಾಗಳೊಡನೆ ಮಾತನಾಡುತ್ತ ಚಂದ್ರಯಾನ-2ರ ಕಕ್ಷಾನೌಕೆಯು 2019ರಲ್ಲಿ ಹಾಗೆ ಸುತ್ತತೊಡಗಿತು. ಆದರೆ ಒಳ್ಳೆಯ ದೂರದರ್ಶಕವೂ ಚಂದ್ರನ ಮೇಲೆ ಒಂದೆರಡು ಕಿಲೋಮೀಟರಿಗಿಂತ ಕಿರಿದಾದುದನ್ನು ಸಾಮಾನ್ಯವಾಗಿ ಬೇರ್ಪಡಿಸಿ ತೋರಲಾರದು. ಕೆಲವೇ ಮೀಟರುಗಳ ನೌಕೆ ಭೂಮಿಯಿಂದ ಕಾಣುವ ಮಾತೇ ಇಲ್ಲ.

ಸಂಶಯ ಉಳಿದವರಿಗೆ ಇನ್ನೂ ಒಂದು ಪರೀಕ್ಷೆಯುಂಟು. ಕೆಲವು ಕಿಲೋಮೀಟರು ಅಂತರದಲ್ಲಿ ಇಬ್ಬರು ಎರಡು ದೂರದರ್ಶಕಗಳಿಂದ ಒಂದೇ ಹೊತ್ತಿನಲ್ಲಿ ಚಂದ್ರನ ಚಿತ್ರವನ್ನು ಹಿಡಿಯಬೇಕು. ಚುಕ್ಕೆ ಚಂದ್ರನ ಬಳಿಯದಾದರೆ ಇಬ್ಬರಿಗೂ ಬಿಂಬದ ಒಂದೇ ಜಾಗದಲ್ಲಿ ಕಾಣಬೇಕು. ಹಕ್ಕಿಯಾದರೆ ಒಬ್ಬನ ಆಲಿಕೆಯಲ್ಲಿ ಮಾತ್ರ ಸಿಕ್ಕೀತು. ಉಲ್ಕೆಗಳು ಚಂದ್ರನ ನೆಲಕ್ಕೆ ಬಡಿದಾಗ ಕ್ಷಣಕಾಲ ಹೊಳೆಯುವ ಮಿಂಚುಗಳನ್ನು ಗ್ರೀಸ್ ದೇಶದ ಕ್ರಿಯೊನೇರಿ ವೀಕ್ಷಣಾಲಯದಲ್ಲಿ 2017ರಿಂದ ಹಿಡಿಯತೊಡಗಿದರು. ಅಲ್ಲಿಯೂ ಎರಡು ಕ್ಯಾಮೆರಾಗಳಿಗೆ ಒಮ್ಮೆಗೇ ಕಂಡುದನ್ನು ಮಾತ್ರ ನಿಜವೆಂದು ಎಣಿಸುವ ಕ್ರಮವಿದೆ. ಚಂದ್ರನಲ್ಲಿ ನಿಜಕ್ಕೂ ಏನೋ ನಡೆಯುವುದುಂಟು. ಆದರೆ ಸಾಕ್ಷಿ ಒಂದಕ್ಕೆ ಎರಡು ಬೇಕು.

ಕೊಲ್ಲಿಯನ್ನು ದಾಟುವುವೇ?

ಪ್ರೊಗ್ರೆಸೊ ಧಕ್ಕೆಗೆ ದೂರದರ್ಶಕ ಬಂದುದಕ್ಕೆ ಒಂದು ವಾಗ್ವಾದ ಕಾರಣ. ಚಳಿಗಾಲವನ್ನು ಮಧ್ಯ ಅಮೆರಿಕದಲ್ಲಿಯೂ ದಕ್ಷಿಣ ಅಮೆರಿಕದಲ್ಲಿಯೂ ಕಳೆದ ಕೋಟ್ಯಂತರ ಹಾಡುಹಕ್ಕಿಗಳು ವಸಂತದಲ್ಲಿ ಉತ್ತರಕ್ಕೆ ಮರಳುತ್ತವೆ. ನಡುವೆ ಮೆಕ್ಸಿಕೋ ಕೊಲ್ಲಿ. ಯುಕಟಾನಿನಿಂದ ಲೂಯಿಸಿಯಾನದ ಕರಾವಳಿಗೆ ಸುಮಾರು 900 ಕಿಲೋಮೀಟರುಗಳ ನೀರು. ಹಕ್ಕಿಗಳು ಇದನ್ನು ಒಂದೇ ಉಸಿರಿಗೆ ಹಾರಿ ದಾಟುತ್ತವೆಂದು ಹಿಂದಿನವರು ನಂಬಿದ್ದರು. 1945ರಲ್ಲಿ ಹ್ಯೂಸ್ಟನ್ ನಗರದ ಜಾರ್ಜ್ ವಿಲಿಯಮ್ಸ್ ಈ ನಂಬಿಕೆಯನ್ನೇ ಪ್ರಶ್ನಿಸಿದರು. ದಾಟುವುದೇ ನಿಜವಾದರೆ ಉತ್ತರ ದಡದ ಗಿಡಮರಗಳಲ್ಲಿ ದಣಿದ ಹಕ್ಕಿಗಳು ಕಿಕ್ಕಿರಿದಿರಬೇಕಲ್ಲವೆ? ಹವೆ ತಿಳಿಯಾದ ದಿನಗಳಲ್ಲಿ ಅಲ್ಲಿ ಹಕ್ಕಿಗಳೇ ಇರುವುದಿಲ್ಲವೇಕೆ? ಅವು ಮೆಕ್ಸಿಕೋದ ನೆಲದ ಅಂಚನ್ನೇ ಹಿಡಿದು ಬಳಸಿಕೊಂಡು ಬರುತ್ತವೆಂಬುದು ಅವರ ವಾದ.

ಲೂಯಿಸಿಯಾನ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನಿ ಜಾರ್ಜ್ ಲೋವರಿ 1946ರಲ್ಲಿ ಇದಕ್ಕೆ ಉತ್ತರ ಬರೆದರು. ಹವೆ ಹಿತವಾಗಿದ್ದಾಗ ಹಕ್ಕಿಗಳು ದಡದಲ್ಲಿ ಇಳಿಯುವುದೇ ಇಲ್ಲ. ಮೇಲಿನಿಂದಲೇ ಸಾಗಿ ಒಳನಾಡಿನ ಕಾಡುಗಳನ್ನು ಸೇರುತ್ತವೆ. ಮಳೆಗಾಳಿ ಎದುರಾದಾಗ ಮಾತ್ರ ದಡಕ್ಕೆ ಬಿದ್ದಂತೆ ಇಳಿಯುತ್ತವೆ ಎಂದರು. ಮಾತು ಸಮಂಜಸವೇ. ಆದರೆ ಇರುಳಿನಲ್ಲಿ ಕಡಲ ಮೇಲೆ ಹಾರುವ ಹಕ್ಕಿಯನ್ನು ಕಂಡವರು ಯಾರು?

ಕಾಣಿಸಬಲ್ಲವನು ಚಂದ್ರನೊಬ್ಬನೇ. ದೂರದರ್ಶಕವನ್ನು ಹಡಗಿನ ಮೇಲೆ ಹೂಡೋಣವೆಂದರೆ ಅದು ತೊನೆಯುತ್ತದೆ. ದಡದಲ್ಲಿ ಹೂಡಿದರೆ, ಕಂಡ ಹಕ್ಕಿ ಕಡಲನ್ನು ದಾಟುವುದೋ ಕರಾವಳಿಯನ್ನು ಅನುಸರಿಸಿ ಹಾರುವುದೋ ಎಂಬ ಅನುಮಾನ ಉಳಿಯುತ್ತದೆ. ಕಡಲಿನಲ್ಲಿಯೂ ಇರಬೇಕು, ಅಲುಗಾಡಲೂ ಬಾರದು. ಅಂಥ ಜಾಗ ಪ್ರೊಗ್ರೆಸೊ ಧಕ್ಕೆಯ ತುದಿ.

ಗಡಿಯಾರದ ಮುಖ

ಲೋವರಿಯವರ ವಿಧಾನ ಸರಳವಾದುದು. ಚಂದ್ರಬಿಂಬವನ್ನು ಗೋಡೆಗಡಿಯಾರದ ಮುಖವೆಂದು ಭಾವಿಸಬೇಕು. ಮೇಲೆ ಹನ್ನೆರಡು, ಕೆಳಗೆ ಆರು. ಒಬ್ಬನು ಕಣ್ಣು ಕೀಳದೆ ನೋಡುತ್ತಿರಬೇಕು. ಚುಕ್ಕೆ ಕಂಡೊಡನೆ ಅದು ಹೊಕ್ಕ ಜಾಗವನ್ನೂ ಹೊರಟ ಜಾಗವನ್ನೂ ಕೂಗಿ ಹೇಳಬೇಕು: ‘ಐದಕ್ಕೆ ಒಳಗೆ, ಹತ್ತೂವರೆಗೆ ಹೊರಗೆ’. ಪಕ್ಕದಲ್ಲಿದ್ದವನು ಬರೆದುಕೊಳ್ಳಬೇಕು. ಚಂದ್ರನು ಆ ನಿಮಿಷದಲ್ಲಿ ಆಕಾಶದ ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿದ್ದನೆಂಬುದು ತಿಳಿದರೆ, ಈ ಎರಡು ಅಂಕಿಗಳಿಂದ ಹಕ್ಕಿ ಹಾರಿದ ದಿಕ್ಕನ್ನು ಗುಣಿಸಬಹುದು. ಚಂದ್ರ ಕೆಳಗಿದ್ದಾಗ ಆಲಿಕೆ ಹಕ್ಕಿಗಳ ಪದರವನ್ನು ಓರೆಯಾಗಿ ಉದ್ದಕ್ಕೆ ಸೀಳುತ್ತದೆ, ಆಗ ಹೆಚ್ಚು ಹಕ್ಕಿಗಳು ಕಾಣುತ್ತವೆ, ಮೇಲಿದ್ದಾಗ ಕಡಮೆ. ಈ ಏರುಪೇರನ್ನು ಸರಿದೂಗಿಸುವ ಗಣಿತವನ್ನು ಅದೇ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರೆನ್ಸ್ ಎಂಬವರು ಒದಗಿಸಿಕೊಟ್ಟರು.

ಆ ವಸಂತದಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋಗಳ ಸುಮಾರು 30 ಸ್ಥಳಗಳಲ್ಲಿ ಇನ್ನೂರಕ್ಕೂ ಮಿಕ್ಕ ಪಕ್ಷಿಪ್ರಿಯರೂ ಖಗೋಳಪ್ರಿಯರೂ ನಿದ್ದೆಗೆಟ್ಟು ಚಂದ್ರನನ್ನು ಕಾದರು. ಪ್ರೊಗ್ರೆಸೊದಲ್ಲಿ ಸುತ್ತಲೂ ನೀರು, ಕೆಳಗೆ ಕಮಾನುಗಳಿಗೆ ಬಡಿಯುವ ಅಲೆಗಳ ಸದ್ದು, ಮೇಲೆ ಹುಣ್ಣಿಮೆಯ ಬಿಂಬ. ಅದರ ಮೇಲೆ ಚುಕ್ಕೆಗಳು ಹಾದುವು. ದಡದತ್ತ ಹಿಂದಿರುಗಲಿಲ್ಲ, ಕರಾವಳಿಯನ್ನು ಅನುಸರಿಸಿ ತಿರುಗಲಿಲ್ಲ, ಉತ್ತರಕ್ಕೆ, ಬಟ್ಟಬಯಲಾದ ಕಡಲಿನತ್ತ ಸಾಗಿದುವು.

1951ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯವು ಪ್ರಕಟಿಸಿದ ಪ್ರಬಂಧದಲ್ಲಿ ಲೋವರಿ ಈ ಎಲ್ಲ ಎಣಿಕೆಗಳ ಸಾರವನ್ನಿಟ್ಟರು. ಕೊಲ್ಲಿಯ ಪಶ್ಚಿಮ ದಡದ ಟ್ಯಾಂಪಿಕೊ ಪಟ್ಟಣದಲ್ಲಿಯೂ ಹಕ್ಕಿಗಳ ಭಾರಿ ಪ್ರವಾಹ ಕಂಡುಬಂದಿತ್ತು. ಬಳಸುವ ಹಾದಿಯೂ ನಿಜ, ದಾಟುವ ಹಾದಿಯೂ ನಿಜ. ವಿಲಿಯಮ್ಸ್ ಅವರ ಪ್ರಶ್ನೆಯಿಲ್ಲದಿದ್ದರೆ ಈ ಶೋಧವೂ ನಡೆಯುತ್ತಿರಲಿಲ್ಲ. 1952ರ ಅಕ್ಟೋಬರಿನ ನಾಲ್ಕು ರಾತ್ರಿಗಳಲ್ಲಿ ಅಮೆರಿಕದ ಉದ್ದಗಲಕ್ಕೂ ಜನರು ಇದೇ ರೀತಿ ಚಂದ್ರನನ್ನು ನೋಡಿ ಲೆಕ್ಕವಿಟ್ಟರು. ಬಳಿಕ 1960ರ ದಶಕದಲ್ಲಿ ಲೋವರಿಯವರ ಶಿಷ್ಯ ಸಿಡ್ನಿ ಗೋಥ್ರೋ ಹವಾಮಾನದ ರೇಡಾರ್ ಯಂತ್ರಗಳಲ್ಲಿ ಹಕ್ಕಿಗಳ ಹಿಂಡು ಮೋಡದಂತೆ ಕೊಲ್ಲಿಯಿಂದ ಬಂದು ದಡವನ್ನು ದಾಟುವುದನ್ನು ತೋರಿಸಿದರು. ಸಂಜೆಗತ್ತಲಲ್ಲಿ ದಕ್ಷಿಣ ದಡವನ್ನು ಬಿಟ್ಟವು ಮರುದಿನ ಹಗಲಿನಲ್ಲಿ ಉತ್ತರ ದಡವನ್ನು ಮುಟ್ಟುತ್ತವೆ. ಹೀಗೆ ದಾಟುವವುಗಳಲ್ಲಿ ಸುಮಾರು ಮೂರೇ ಗ್ರಾಂ ತೂಗುವ, ಕೆಂಪು ಕೊರಳಿನ ಹಮ್ಮಿಂಗ್‌ಬರ್ಡ್ ಸಹ ಒಂದು. ಹೊರಡುವ ಮುನ್ನ ಕೊಬ್ಬನ್ನು ಕೂಡಿಸಿ ತನ್ನ ತೂಕವನ್ನು ಹೆಚ್ಚುಕಡಮೆ ಇಮ್ಮಡಿಸಿಕೊಳ್ಳುತ್ತದೆ. ದಾರಿಯ ಬುತ್ತಿ ಅದೊಂದೇ.

ಧಕ್ಕೆಯ ಕೆಳಗಿನ ಕುಳಿ

ಪ್ರೊಗ್ರೆಸೊದಿಂದ ಪೂರ್ವಕ್ಕೆ ಕಡಲ ಅಂಚಿನಲ್ಲಿ ಸ್ವಲ್ಪ ದೂರ ಹೋದರೆ ಚಿಕ್‌ಶುಲುಬ್ ಎಂಬ ಮೀನುಗಾರರ ಹಳ್ಳಿ ಸಿಗುತ್ತದೆ. ದೋಣಿಗಳು, ಒಣಹಾಕಿದ ಬಲೆಗಳು, ಮರಳು. ಅಲ್ಲಿ ನಿಂತವನಿಗೆ ತಾನು ಎಲ್ಲಿ ನಿಂತಿರುವೆನೆಂದು ಹೇಳುವ ಗುರುತು ನೆಲದಲ್ಲಿ ಏನೂ ಇಲ್ಲ. ಆದರೆ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಆಕಾಶದಿಂದ ಬಂದ ಬೃಹತ್ ಶಿಲೆಯೊಂದು ಬಡಿದು, ಸುಮಾರು 180 ಕಿಲೋಮೀಟರು ಅಗಲದ ಕುಳಿಯನ್ನು ತೋಡಿದುದು ಇಲ್ಲಿಯೇ. ಚಂದ್ರನ ಮೇಲಿನ ಕುಳಿಗಳು ಪುಟ್ಟ ದೂರದರ್ಶಕಕ್ಕೂ ಕಾಣುತ್ತವೆ. ಇಲ್ಲಿಯದು ಸುಣ್ಣಕಲ್ಲಿನ ದಪ್ಪ ಹೊದಿಕೆಯಡಿ ಅಡಗಿ, ಅರ್ಧ ನೆಲದಡಿಯಲ್ಲಿಯೂ ಅರ್ಧ ಕಡಲಡಿಯಲ್ಲಿಯೂ ಮಲಗಿದೆ. ಮೆರಿಡಾದ ಸುತ್ತ ಕಮಾನಿನಂತೆ ಸಾಲಾಗಿರುವ ನೀರಿನ ಬಾವಿಗುಂಡಿಗಳು ಮಾತ್ರ ಅದರ ಅಂಚನ್ನು ಸೂಚಿಸುತ್ತವೆ. ತೈಲ ಹುಡುಕುತ್ತಿದ್ದ ಭೂವಿಜ್ಞಾನಿಗಳಿಗೆ 1978ರಲ್ಲಿ ಇದರ ಸುಳಿವು ಸಿಕ್ಕಿತು. ಜಗತ್ತು ಒಪ್ಪಿದುದು 1991ರ ಹೊತ್ತಿಗೆ. 2016ರಲ್ಲಿ ವಿಜ್ಞಾನಿಗಳು ಪ್ರೊಗ್ರೆಸೊದ ಆಚೆಯ ಕಡಲಿನಲ್ಲಿ 1,300 ಮೀಟರಿಗೂ ಆಳಕ್ಕೆ ಕೊರೆದು ಆ ಕುಳಿಯ ಕಲ್ಲನ್ನು ಹೊರತೆಗೆದರು.

ಆ ಪೆಟ್ಟಿಗೆ ದೈತ್ಯ ಸರೀಸೃಪಗಳಾದ ಡೈನೋಸಾರುಗಳು ಅಳಿದುವು. ಅವುಗಳ ಕುಲದಲ್ಲಿ ಒಂದೇ ಒಂದು ಕವಲು ಬದುಕಿ ಉಳಿಯಿತು. ಆ ಕವಲೇ ಹಕ್ಕಿಗಳು. ಪ್ರತಿ ವಸಂತದಲ್ಲಿಯೂ ಅವು ತಮ್ಮ ಪೂರ್ವಜರ ಬಂಧುಗಳನ್ನೆಲ್ಲ ನುಂಗಿದ ಅದೇ ಕುಳಿಯ ಮೇಲಿನಿಂದ, ತಿಂಗಳ ಬೆಳಕಿನಲ್ಲಿ, ಕೊಲ್ಲಿಯನ್ನು ದಾಟಲು ಹೊರಡುತ್ತವೆ.

ಆದರೆ ಎಣಿಸುವವರಿಗೆ ಸಿಗುವ ಚುಕ್ಕೆಗಳು ಕಡಮೆಯಾಗುತ್ತಿವೆ. ಅಮೆರಿಕ ಮತ್ತು ಕೆನಡಾಗಳಲ್ಲಿ 1970ರಿಂದೀಚೆಗೆ ಸುಮಾರು 300 ಕೋಟಿ ಹಕ್ಕಿಗಳು ಇಲ್ಲವಾಗಿವೆಯೆಂದು, ಅಂದರೆ ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಪಾಲು ಅಳಿದಿದೆಯೆಂದು, 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ತಂಗುವ ಕಾಡುಗಳು ಕರಗುತ್ತಿವೆ. ಇರುಳಿನ ನಗರದೀಪಗಳು ದಾರಿ ತಪ್ಪಿಸುತ್ತಿವೆ. ಗಾಜಿನ ಕಟ್ಟಡಗಳಿಗೆ ಬಡಿದು ಸಾಯುವುವು ಅಸಂಖ್ಯ.

ಏಪ್ರಿಲ್ ತಿಂಗಳ ಹುಣ್ಣಿಮೆಯಂದು ಪ್ರೊಗ್ರೆಸೊದ ಕಡಲ ತಡಿಯಲ್ಲಿ ಜನ ಕೊಂಚ ಹೊತ್ತಾದ ಮೇಲೆ ಮನೆಗೆ ತೆರಳುತ್ತಾರೆ. ಧಕ್ಕೆಯ ದೀಪಗಳು ನೀರಿನ ಮೇಲೆ ಸಾಲಾಗಿ ಉರಿಯುತ್ತಿರುತ್ತವೆ. ಪುಟ್ಟ ದೂರದರ್ಶಕವೊಂದನ್ನು ಹಿಡಿದು ಚಂದ್ರನನ್ನು ನೋಡುತ್ತ ಕುಳಿತವನಿಗೆ, ಕಾದರೆ, ಬಿಂಬದ ಕೆಳ ಅಂಚಿನಲ್ಲಿ ಒಂದು ಕರಿಯ ಚುಕ್ಕೆ ಕಂಡೀತು. ಅದು ಚಂದ್ರನಿಂದ ಬಂದುದಲ್ಲ. ಅವನ ನೆತ್ತಿಯ ಮೇಲೆ ಹಾರುತ್ತಿರುವ ಪುಟ್ಟ ಜೀವ. ಬೆಳಗಾಗುವುದರೊಳಗೆ ಅದಕ್ಕೆ ಎಲ್ಲೂ ನೆಲ ಸಿಗದು.